ಕೋಣೆಯೊಳಗಿಂದ ಬೆಂಗಳೂರಿಗೆ 143 ಕಿಲೋಮೀಟರ್

ಮೊದಲ ದಿನ ಹತ್ತು ನಿಮಿಷ ಪೆಡಲ್ ತುಳಿದೆ. ಬನಿಯನ್ ಬೆವರಿನಲ್ಲಿ ತೊಯ್ದುಹೋಯಿತು. ಫ್ಯಾನಿನ ಕೆಳಗೆ ನಿಂತು ಉಸಿರು ತಹಬಂದಿಗೆ ಬಂದ ಮೇಲೆ, ಎಷ್ಟು ದೂರ ಬಂದಿರಬಹುದು ಎಂದು ಹ್ಯಾಂಡಲ್ ಮೇಲಿದ್ದ ಮೀಟರ್ ನೋಡಿದೆ. 0.00 ಕಿ.ಮೀ. ವೇಗವೂ ಸೊನ್ನೆ.

"ತಾತ, ನೀವು ಎಲ್ಲಿಗೂ ಹೋಗ್ಲೇ ಇಲ್ಲ!" ಎಂದು ಮೊಮ್ಮಗಳು ಮಂಚದ ಮೇಲೆ ಬಿದ್ದು ಬಿದ್ದು ನಕ್ಕಳು.

ಅವಳು ಹೇಳಿದ್ದು ನಿಜವೇ. ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಅಕ್ಕಿ ಡಬ್ಬಕ್ಕೂ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೂ ನಡುವೆ, ಸೈಕಲ್ ನಿಂತಲ್ಲೇ ನಿಂತಿತ್ತು. ಹಾಗೆ ನಿಂತ ಸೈಕಲ್ಲಿನಲ್ಲೇ ನಾನು ಬೆಂಗಳೂರು ಮುಟ್ಟಿದ ಕಥೆ ಇದು.

ಶಾಲೆಗೆ, ಕಾಲೇಜಿಗೆ, ಆಮೇಲೆ ಮೂವತ್ತೈದು ವರ್ಷ ಬ್ಯಾಂಕಿಗೆ ನಾನು ಹೋಗಿದ್ದೆಲ್ಲ ಸೈಕಲ್ಲಿನಲ್ಲೇ. ನಿವೃತ್ತಿಯ ನಂತರವೂ ಹಾಲು, ತರಕಾರಿ, ಲೈಬ್ರರಿ ಎಲ್ಲಕ್ಕೂ ಅದೇ. ಕಳೆದ ವರ್ಷ ಒಂದು ವೃತ್ತದ ಹತ್ತಿರ ಸ್ಕೂಟರೊಂದು ಹಿಂದಿನಿಂದ ತಾಗಿತು. ಬಿದ್ದೆ, ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಕಟ್ಟು. ಕಟ್ಟು ಬಿಚ್ಚಿದ ದಿನವೇ ಮನೆಯಲ್ಲಿ ಸಭೆ ಸೇರಿತು. ಹೆಂಡತಿ, ಮಗಳು, ಅಳಿಯಂದಿರು ಮೂವರದ್ದೂ ಒಂದೇ ತೀರ್ಮಾನ: ಇನ್ನು ರಸ್ತೆಯ ಮೇಲೆ ಸೈಕಲ್ ಇಲ್ಲ. ನನ್ನ ಹಳೆಯ ಸೈಕಲ್ ಪೇಪರ್ ಹಾಕುವ ಹುಡುಗನ ಪಾಲಾಯಿತು.

ಆದರೆ ವೈದ್ಯರು ಬೇರೆ ಹೇಳಿದರು. ಮಂಡಿ ಬಿಗಿಯದಿರಬೇಕಾದರೆ ಕಾಲು ಆಡುತ್ತಲೇ ಇರಬೇಕು, ಕುಳಿತಲ್ಲೇ ಸೈಕಲ್ ತುಳಿಯಿರಿ ಎಂದರು. ಅಳಿಯಂದಿರು ತಮ್ಮ ಹಳೆಯ 26 ಇಂಚಿನ ಸೈಕಲ್ಲನ್ನು ಅಟ್ಟದಿಂದ ಇಳಿಸಿ, ಅದಕ್ಕೊಂದು ಟ್ರೈನರ್ ತಂದು ಕೊಟ್ಟರು. ನೋಡದವರಿಗಾಗಿ ಹೇಳುತ್ತೇನೆ. ಅದೊಂದು ಕಬ್ಬಿಣದ ಚೌಕಟ್ಟು. ಸೈಕಲ್ಲಿನ ಹಿಂದಿನ ಚಕ್ರದ ಅಚ್ಚನ್ನು ಎರಡೂ ಕಡೆಯಿಂದ ಬಿಗಿಯಾಗಿ ಹಿಡಿದು, ಚಕ್ರವನ್ನು ನೆಲದಿಂದ ಒಂದಿಷ್ಟು ಮೇಲೆತ್ತುತ್ತದೆ. ಟೈರಿಗೆ ಒತ್ತಿಕೊಂಡಂತೆ ಒಂದು ರೋಲರ್ ಇರುತ್ತದೆ. ನೀವು ಪೆಡಲ್ ತುಳಿದರೆ ಹಿಂದಿನ ಚಕ್ರ ತಿರುಗುತ್ತದೆ, ಅದರ ಜೊತೆ ರೋಲರ್ ತಿರುಗುತ್ತದೆ. ರೋಲರಿನ ಪಕ್ಕದಲ್ಲಿ ಅಯಸ್ಕಾಂತಗಳಿವೆ. ತಿರುಗುಗುಂಡಿಯೊಂದನ್ನು ಹೆಚ್ಚು ಕಡಿಮೆ ಮಾಡಿದರೆ ಅಯಸ್ಕಾಂತದ ತಡೆ ಹೆಚ್ಚು ಕಡಿಮೆಯಾಗಿ, ತುಳಿಯುವುದು ಭಾರ ಅಥವಾ ಹಗುರ ಆಗುತ್ತದೆ. ಮುಂದಿನ ಚಕ್ರಕ್ಕೆ ಕೆಲಸವೇ ಇಲ್ಲ, ಒಂದು ಹಲಗೆಯ ಮೇಲೆ ಸುಮ್ಮನೆ ಕೂತಿರುತ್ತದೆ.

ಮೀಟರ್ ಸೊನ್ನೆ ತೋರಿಸಿದ್ದಕ್ಕೆ ಕಾರಣ ಅದೇ. ಆ ಮೀಟರನ್ನು ಅಳಿಯಂದಿರು ತಮ್ಮ ಹೊಸ ಸೈಕಲ್ಲಿನಿಂದ ಬಿಚ್ಚಿ ತಂದು, ರೂಢಿಯಂತೆ ಮುಂದಿನ ಚಕ್ರಕ್ಕೆ ಕಟ್ಟಿದ್ದರು. ತಿರುಗದ ಚಕ್ರ ಎಷ್ಟು ದೂರ ಹೋದೀತು? ಅವರು ಮೊಬೈಲಿನಲ್ಲೂ ನೋಡಿದರು. ಅದು ಉಪಗ್ರಹದ ಸಹಾಯದಿಂದ ನಾವಿರುವ ಜಾಗ ಬದಲಾಗಿದೆಯೇ ಎಂದು ನೋಡಿ ದೂರ ಲೆಕ್ಕ ಹಾಕುವಂಥದ್ದು. ನಾನು ಅಕ್ಕಿ ಡಬ್ಬದ ಪಕ್ಕವೇ ಇದ್ದೇನೆಂದು ಅದು ಸರಿಯಾಗಿಯೇ ಹೇಳಿತು.

ಮರುದಿನ ನಮ್ಮ ಬೀದಿಯ ಸೈಕಲ್ ಶಾಪಿನವನನ್ನು ಕರೆಸಿದೆ. ಅವನು ಮೀಟರಿನ ತಂತಿಗೆ ಇನ್ನೊಂದು ತುಂಡು ತಂತಿ ಸೇರಿಸಿ ಉದ್ದ ಮಾಡಿ, ಹಿಂದಿನ ಚಕ್ರದವರೆಗೆ ಎಳೆದು ಕಟ್ಟಿದ. ಚಕ್ರದ ಕಡ್ಡಿಗೆ ಒಂದು ಪುಟ್ಟ ಅಯಸ್ಕಾಂತ. ಅದರ ಎದುರಿಗೆ ಫ್ರೇಮಿನ ಮೇಲೆ ಒಂದು ಪುಟ್ಟ ಡಬ್ಬಿ. ಡಬ್ಬಿಯೊಳಗೆ ಎರಡು ತೆಳು ಲೋಹದ ಪಟ್ಟಿಗಳಿವೆ. ಅಯಸ್ಕಾಂತ ಎದುರಿಗೆ ಬಂದಾಗಲೆಲ್ಲ ಅವು ಒಂದಕ್ಕೊಂದು ತಗಲುತ್ತವೆ. ತಗಲಿದ್ದು ಒಂದು ಸಲವೆಂದರೆ ಚಕ್ರ ಒಂದು ಸುತ್ತು. ಅಷ್ಟೇ. ಮೀಟರಿಗೆ ರಸ್ತೆ ಗೊತ್ತಿಲ್ಲ, ಊರು ಗೊತ್ತಿಲ್ಲ. ಅದು ಸುತ್ತು ಎಣಿಸುತ್ತದೆ, ಒಂದು ಸುತ್ತಿಗೆ ಇಷ್ಟು ದೂರ ಎಂದು ನಾವು ಮೊದಲೇ ತುಂಬಿಟ್ಟ ಸಂಖ್ಯೆಯಿಂದ ಗುಣಿಸುತ್ತದೆ.

ಚಕ್ರದ ಸುತ್ತಳತೆ 2 ಮೀಟರ್ ಎಂದುಕೊಳ್ಳಿ. 500 ಸುತ್ತಿಗೆ ಒಂದು ಕಿಲೋಮೀಟರ್ ಆಯಿತು. ಸೆಕೆಂಡಿಗೆ ಎರಡು ಸುತ್ತಾದರೆ 4 ಮೀಟರ್, ಗಂಟೆಗೆ 14.4 ಕಿ.ಮೀ. ವೇಗ. ಬಡ್ಡಿ ಲೆಕ್ಕಕ್ಕಿಂತ ಸುಲಭ. ಈ ಮಾತನ್ನು ಆಗ ಧೈರ್ಯವಾಗಿ ಹೇಳಿದವನು ನಾನೇ. ಆ ತುಂಬಿಟ್ಟ ಸಂಖ್ಯೆ ಯಾವುದು ಎಂದು ನೋಡಲು ಮಾತ್ರ ಮರೆತೆ.

ಇನ್ನು ಬೆಂಗಳೂರಿನ ವಿಷಯ.

1971ರ ಡಿಸೆಂಬರ್ ರಜೆ. ನಾನು ಮತ್ತು ನನ್ನ ಗೆಳೆಯ ಮೈಸೂರಿನಲ್ಲಿ ಬಿ.ಕಾಂ. ಓದುತ್ತಿದ್ದೆವು. ಸೈಕಲ್ಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತೇವೆಂದು ಇಡೀ ಹಾಸ್ಟೆಲ್ಲಿಗೆ ಸಾರಿ, ಎರಡು ಬಾಡಿಗೆ ಸೈಕಲ್ ಹಿಡಿದು, ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಟೆವು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ನೀರಿನ ಮೇಲೆ ಮಂಜು. ಮಂಡ್ಯ ಹತ್ತಿರವಾದಂತೆ ಆಲೆಮನೆಯ ಬೆಲ್ಲದ ವಾಸನೆ. ಮದ್ದೂರಿನಲ್ಲಿ ವಡೆ ತಿಂದು, ಇನ್ನೇನು ಅರ್ಧ ದಾರಿ ಬಂದೆವು ಎಂದು ಹಿಗ್ಗಿದೆವು.

ನಮಗೆ ಗೊತ್ತಿಲ್ಲದ್ದು ಒಂದಿತ್ತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಮಂಡ್ಯ ಸುಮಾರು 680. ಬೆಂಗಳೂರು ಸುಮಾರು 920. ಅಂದರೆ ಮೊದಲರ್ಧ ದಾರಿಯೇ ನಮ್ಮನ್ನು ಇಳಿಸಿಕೊಂಡು ಬಂದಿತ್ತು. ಅದನ್ನು ನಾವು ನಮ್ಮ ಕಾಲಿನ ಶಕ್ತಿ ಎಂದುಕೊಂಡಿದ್ದೆವು. ಮದ್ದೂರು ದಾಟಿದ ಮೇಲೆ ರಸ್ತೆ ನಿಧಾನವಾಗಿ ಏರತೊಡಗಿತು. ಎದುರುಗಾಳಿ ಬೇರೆ. ಚನ್ನಪಟ್ಟಣದ ಹತ್ತಿರ ನನ್ನ ಎರಡೂ ತೊಡೆ ಹಿಡಿದುಕೊಂಡು, ಒಂದು ಹುಣಸೆ ಮರದ ಕೆಳಗೆ ಕುಳಿತುಬಿಟ್ಟೆ. ಮತ್ತೆ ಸೈಕಲ್ ಹತ್ತಲಾಗಲಿಲ್ಲ.

ಗೆಳೆಯನ ಕಾಲು ಚೆನ್ನಾಗಿಯೇ ಇದ್ದವು. ಅವನು ಒಬ್ಬನೇ ಹೋಗಬಹುದಿತ್ತು. ಹೋಗಲಿಲ್ಲ. ಎರಡು ಸೈಕಲ್ಲನ್ನೂ ಅವನೇ ತಳ್ಳಿಕೊಂಡು, ನನ್ನನ್ನು ಚನ್ನಪಟ್ಟಣದ ರೈಲ್ವೆ ಸ್ಟೇಷನ್ನಿಗೆ ಕರೆತಂದ. ರೈಲಿನಲ್ಲಿ ಮೈಸೂರಿಗೆ ವಾಪಸ್ಸಾದೆವು. ಹಾಸ್ಟೆಲ್ಲಿನಲ್ಲಿ ಎಲ್ಲರೂ ಸುತ್ತುವರಿದು ಯಾರು ಸೋತಿದ್ದು ಎಂದು ಕೇಳಿದಾಗ ಅವನು, "ಇಬ್ಬರಿಗೂ ಆಗ್ಲಿಲ್ಲ" ಎಂದ. ನಾನು ಸುಮ್ಮನಿದ್ದೆ. ಅವನು ಹೇಳಿದ ಸುಳ್ಳಿನ ನೆರಳಿನಲ್ಲಿ ನಾನು ಐವತ್ತು ವರ್ಷಕ್ಕೂ ಮೀರಿ ತಣ್ಣಗೆ ಕುಳಿತಿದ್ದೆ.

ಆ ಗೆಳೆಯ ಆಮೇಲೆ ಬೆಂಗಳೂರಿನಲ್ಲಿ ಮೇಷ್ಟರಾದ. ಈಗ ಮಗನ ಮನೆಯಲ್ಲಿದ್ದಾನೆ. ಎರಡು ವರ್ಷದ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದು ಆಪರೇಷನ್ ಆಯಿತು. ಅಂದಿನಿಂದ ಮಂಚ ಮತ್ತು ಕುರ್ಚಿ, ಅಷ್ಟೇ ಅವನ ಓಡಾಟ. ಫೋನ್ ಮಾಡಿದರೆ ಮೊದಲಿನಂತೆ ಮಾತಿಲ್ಲ. "ಹ್ಞೂಂ, ಇದ್ದೀನಿ ಕಣೋ" ಎಂದು ಇಟ್ಟುಬಿಡುತ್ತಿದ್ದ. ನಾನು ಟ್ರೈನರ್ ಹತ್ತಿದ ಕಥೆ, ಸೊನ್ನೆ ಕಿಲೋಮೀಟರಿನ ಕಥೆ ಹೇಳಿದ ದಿನ ಮಾತ್ರ ಬಹಳ ದಿನಗಳ ನಂತರ ನಕ್ಕ. ಆ ನಗು ಕೇಳಿ ನಾನು ಯೋಚಿಸದೆ ಹೇಳಿಬಿಟ್ಟೆ:

"ಲೋ, ಈ ಸೈಕಲ್ಲಲ್ಲೇ ನಿಮ್ಮನೆಗೆ ಬರ್ತೀನಿ ನೋಡ್ತಿರು. ದಿನಾ ಎಲ್ಲಿಗೆ ಬಂದೆ ಅಂತ ಫೋನ್ ಮಾಡ್ತೀನಿ."

"ಚನ್ನಪಟ್ಟಣದಲ್ಲಿ ಕೂತ್ಕೋಬೇಡ" ಎಂದ ಅವನು.

ಏಳನೇ ತರಗತಿಯ ಮೊಮ್ಮಗಳಿಗೆ ಹಬ್ಬವಾಯಿತು. ಗೋಡೆಗೆ ಕರ್ನಾಟಕದ ನಕ್ಷೆ ಅಂಟಿಸಿ, ಒಂದು ಗುಂಡುಪಿನ್ನಿಗೆ ಕೆಂಪು ಕಾಗದ ಸುತ್ತಿ ನನ್ನನ್ನು ಮೈಸೂರಿನಲ್ಲಿ ಚುಚ್ಚಿದಳು. ನಾನೊಂದು ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಎಳೆದು ಲೆಡ್ಜರ್ ಮಾಡಿದೆ. ತಾರೀಖು, ಎಷ್ಟು ನಿಮಿಷ, ಗುಂಡಿ ಯಾವ ನಂಬರಿನಲ್ಲಿತ್ತು, ಹಿಂದಿನ ಶಿಲ್ಕು, ಇಂದಿನ ಜಮಾ, ಒಟ್ಟು. ಹಳೆಯ ದಾರಿಯ ಲೆಕ್ಕ ಹೀಗೆ ಬರೆದುಕೊಂಡೆವು: ನಮ್ಮ ಮನೆಯಿಂದ ಶ್ರೀರಂಗಪಟ್ಟಣ 16, ಮಂಡ್ಯ 45, ಮದ್ದೂರು 65, ಚನ್ನಪಟ್ಟಣ 85, ರಾಮನಗರ 97, ಬಿಡದಿ 113, ಕೆಂಗೇರಿ 129, ಗೆಳೆಯನ ಮನೆ ಬಾಗಿಲು 143.

ಹಳೆಯ ದಾರಿಯನ್ನೇ ಹಿಡಿದಿದ್ದಕ್ಕೆ ಕಾರಣವಿದೆ. ಈಗಿನ ಹೊಸ ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಯಲ್ಲಿ 2023ರ ಆಗಸ್ಟ್‌ನಿಂದ ಸ್ಕೂಟರು, ಆಟೋಗಳನ್ನೇ ಬಿಡುವುದಿಲ್ಲ, ಇನ್ನು ಸೈಕಲ್ಲನ್ನು ಬಿಡುತ್ತಾರೆಯೇ? ಅಲ್ಲದೆ ಅದು ಊರುಗಳನ್ನೆಲ್ಲ ಪಕ್ಕಕ್ಕಿಟ್ಟು ಹೋಗುತ್ತದೆ. ಗೆಳೆಯನಿಗೆ ಬೇಕಾಗಿದ್ದುದು ಊರುಗಳು.

ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ, ಎರಡೂವರೆ ಕಿಲೋಮೀಟರ್. ಆಮೇಲೆ ಹದಿನೈದು, ಇಪ್ಪತ್ತು ನಿಮಿಷ. ಸಂಜೆ ಫೋನ್. ನಾನು ಊರಿನ ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಅವನೇ ಹೇಳುತ್ತಿದ್ದ. ಶ್ರೀರಂಗಪಟ್ಟಣ ಎಂದಾಗ, 1804ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆಯ ಮೇಲೆ ತಾನು ಶಾಲೆಯ ಮಕ್ಕಳನ್ನು ನಿಲ್ಲಿಸಿ ಪಾಠ ಮಾಡಿದ್ದನ್ನು ಹೇಳಿದ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ಹೋಗುತ್ತಿದ್ದುದು, ಹುಡುಗರು ಹಿಂದಿನಿಂದ ಜಲ್ಲೆ ಎಳೆದುಕೊಳ್ಳುತ್ತಿದ್ದುದು. ಮದ್ದೂರಿಗೆ ಬಂದಾಗ ಶಿಂಷಾ ನದಿ, ಅಲ್ಲಿಂದ ಒಳಗೆ ಹೋದರೆ ಕೊಕ್ಕರೆ ಬೆಳ್ಳೂರು. ಊರಿನ ಮರಗಳ ಮೇಲೇ ಗೂಡು ಕಟ್ಟುವ ಕೊಕ್ಕರೆಗಳನ್ನೂ ಹೆಜ್ಜಾರ್ಲೆಗಳನ್ನೂ ಅಲ್ಲಿಯ ಜನ ಮನೆಮಕ್ಕಳಂತೆ ಕಾಪಾಡಿಕೊಂಡು ಬಂದಿದ್ದಾರೆಂದು ಮೊಮ್ಮಗಳಿಗೆ ವಿವರಿಸಿದ. ಅವಳು ಅವನಿಗೆ 'ಬೆಂಗಳೂರು ತಾತ' ಎಂದು ಹೆಸರಿಟ್ಟಳು. ಸಂಜೆ ಐದಾಯಿತೆಂದರೆ ಅವನೇ ಫೋನ್ ಮಾಡತೊಡಗಿದ: "ಏನಮ್ಮಾ, ನಿಮ್ಮ ತಾತ ಇವತ್ತು ಎಲ್ಲಿದ್ದಾನೆ?"

ಈ ನಡುವೆ ವೇಗದ ಬಗ್ಗೆ ನನಗೊಂದು ಜಂಬ ಬಂದಿತು. ಒಂದು ದಿನ ಮೀಟರ್ 24 ತೋರಿಸಿತು. ಈ ವಯಸ್ಸಿನಲ್ಲಿ ಗಂಟೆಗೆ 24 ಕಿ.ಮೀ.! ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವಳು ಮೀಟರ್ ನೋಡಲಿಲ್ಲ, ಗುಂಡಿ ನೋಡಿದಳು. ನೆಲ ಒರೆಸುವಾಗ ಕೈ ತಗಲಿ ಅದು 3ರಿಂದ 1ಕ್ಕೆ ಬಂದಿತ್ತು.

ಆಗ ಅಳಿಯಂದಿರು ವಿವರಿಸಿದರು. ರಸ್ತೆಯಲ್ಲಿ ನಮ್ಮನ್ನು ಹಿಂದಕ್ಕೆ ತಳ್ಳುವುದು ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಏರು ಬಂದರೆ ನಮ್ಮ ಭಾರವನ್ನೇ ನಾವು ಎತ್ತಬೇಕು. ಕೋಣೆಯಲ್ಲಿ ಗಾಳಿಯೂ ಇಲ್ಲ, ಏರೂ ಇಲ್ಲ. ಇರುವುದು ಅಯಸ್ಕಾಂತದ ತಡೆ ಮತ್ತು ಟೈರು ರೋಲರಿಗೆ ಉಜ್ಜುವ ತಡೆ. ಗುಂಡಿ ಸಡಿಲವಿದ್ದರೆ ಮಗುವೂ 24ರ ವೇಗದಲ್ಲಿ ತುಳಿದೀತು, ಬಿಗಿದರೆ ಪೈಲ್ವಾನನೂ 12ಕ್ಕೆ ಇಳಿದಾನು. ಟೈರಿನಲ್ಲಿ ಗಾಳಿ ಕಡಿಮೆಯಾದರೆ, ರೋಲರ್ ಒಂದು ಸುತ್ತು ಹೆಚ್ಚು ಬಿಗಿದರೆ, ಅಷ್ಟೇ ಶ್ರಮಕ್ಕೆ ಬೇರೆ ವೇಗ ಬರುತ್ತದೆ. ದುಬಾರಿ ಟ್ರೈನರುಗಳು ಕಾಲಿನ ಬಲವನ್ನು ವ್ಯಾಟ್ ಲೆಕ್ಕದಲ್ಲಿ ಅಳೆದು, ಸವಾರನ ತೂಕ, ರಸ್ತೆಯ ಏರಿಳಿತ ಎಲ್ಲ ಸೇರಿಸಿ ವೇಗವನ್ನು ಅಂದಾಜು ಮಾಡುತ್ತವಂತೆ. ನಮ್ಮದು ಅಂಥದ್ದಲ್ಲ.

ಹಾಗಾಗಿ ನಾನೊಂದು ನಿಯಮ ಮಾಡಿಕೊಂಡೆ. ಗುಂಡಿ ಯಾವಾಗಲೂ 3. ಪ್ರತಿ ಸೋಮವಾರ ಟೈರಿಗೆ ಒಂದೇ ಅಳತೆಯ ಗಾಳಿ. ರೋಲರ್ ಬಿಗಿಯುವುದೂ ಲೆಕ್ಕವಾಗಿ ಅಷ್ಟೇ ಸುತ್ತು. ಗುಂಡಿ 1ರಲ್ಲಿದ್ದ ದಿನದ ಜಮಾವನ್ನು ಲೆಡ್ಜರಿನಿಂದ ಹೊಡೆದುಹಾಕಿದೆ. ನನ್ನ ವೇಗವನ್ನು ರಸ್ತೆಯ ಮೇಲೆ ಓಡುವವರ ವೇಗಕ್ಕೆ ಹೋಲಿಸಲಾಗದು, ಪಕ್ಕದ ಮನೆಯ ಟ್ರೈನರಿಗೂ ಹೋಲಿಸಲಾಗದು. ಆದರೆ ನನ್ನ ನಿನ್ನೆಗೆ ಹೋಲಿಸಬಹುದು. ಅಷ್ಟು ಸಾಕಲ್ಲವೇ? ಇನ್ನೊಂದು ಮಾತೂ ಇದೆ. ರಸ್ತೆಯಲ್ಲಿ ಇಳಿಜಾರು ಬಂದರೆ ಪೆಡಲ್ ಮೇಲೆ ಕಾಲಿಟ್ಟು ಸುಮ್ಮನೆ ಕೂರಬಹುದು. ಇಲ್ಲಿ ಕಾಲು ನಿಂತ ಕೆಲವೇ ಸೆಕೆಂಡಿಗೆ ಚಕ್ರ ನಿಲ್ಲುತ್ತದೆ. ಕೋಣೆಯ ಕಿಲೋಮೀಟರುಗಳಲ್ಲಿ ಬಿಟ್ಟಿ ಸಿಕ್ಕಿದ್ದು ಒಂದೂ ಇಲ್ಲ ಎಂಬ ಸಮಾಧಾನ ನನಗಿತ್ತು.

ಇಪ್ಪತ್ಮೂರನೆಯ ದಿನ ಒಟ್ಟು 87 ಕಿ.ಮೀ. ಆಯಿತು. ಚನ್ನಪಟ್ಟಣ ಹಿಂದೆ ಬಿತ್ತು! ನನ್ನ ಕಣ್ಣಲ್ಲಿ ನೀರೇ ಬಂದಿತು. ಫೋನ್ ಮಾಡಿದೆ.

"ದಾಟಿದೆ ಕಣೋ. ಚನ್ನಪಟ್ಟಣ ದಾಟಿದೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಭೇಷ್" ಎಂದ. ಒಂದೇ ಮಾತು. ಮೊಮ್ಮಗಳು ಷೋಕೇಸಿನಲ್ಲಿದ್ದ ಚನ್ನಪಟ್ಟಣದ ಮರದ ಕುದುರೆ ತಂದು ಹ್ಯಾಂಡಲಿಗೆ ಕಟ್ಟಿದಳು. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಹೊಳಪು ಕೊಟ್ಟ ಬೊಂಬೆ. ಅವಳ ಅಮ್ಮ ಆಡಿದ್ದು, ಬಣ್ಣ ಇನ್ನೂ ಮಾಸಿಲ್ಲ.

ಎರಡು ದಿನ ಕಳೆದು, ಸೈಕಲ್ ಹತ್ತದ ಭಾನುವಾರದಂದು, ಮೊಮ್ಮಗಳು ಹೋಂವರ್ಕ್ ಮಾಡುತ್ತ ಕುಳಿತಿದ್ದಳು. ವೃತ್ತದ ಪರಿಧಿಯ ಪಾಠ. ನಡುವೆ ಒಂದು ಮಳೆಯ ದಿನ ಕರೆಂಟ್ ಹೋಗಿ ಕತ್ತಲಾದ್ದರಿಂದ ಲೆಡ್ಜರ್ ಇನ್ನೂ 87ರಲ್ಲೇ ನಿಂತಿತ್ತು. "ತಾತ, ನಿಮ್ಮ ಚಕ್ರದ ಪರಿಧಿ ಎಷ್ಟು?" ಎಂದಳು. ಮೀಟರಿನ ಗುಂಡಿಗಳನ್ನು ಒತ್ತಿ ಒತ್ತಿ ನೋಡಿದೆವು. ಒಳಗೆ 2136 ಎಂದಿತ್ತು. ಮಿಲಿಮೀಟರುಗಳು. ಅಂದರೆ 213.6 ಸೆಂಟಿಮೀಟರ್.

ಅವಳು ಲೆಕ್ಕ ಹಾಕಿದಳು. 26 ಇಂಚನ್ನು 2.54ರಿಂದ ಗುಣಿಸಿದರೆ 66.04 ಸೆಂ.ಮೀ. ಅದನ್ನು 3.14ರಿಂದ ಗುಣಿಸಿದರೆ ಸುಮಾರು 207. "213 ಬರಲ್ಲ ತಾತ" ಎಂದಳು.

"ಪುಸ್ತಕದ ಲೆಕ್ಕ ಬೇರೆ, ನೆಲದ ಲೆಕ್ಕ ಬೇರೆ. ಅಳೆದುಬಿಡೋಣ" ಎಂದೆ. ನನ್ನ ಎದೆ ಆಗಲೇ ಸಣ್ಣಗೆ ಹೊಡೆದುಕೊಳ್ಳುತ್ತಿತ್ತು.

ಮಕ್ಕಳೇ, ಇದನ್ನು ನೀವೂ ನಿಮ್ಮ ಸೈಕಲ್ಲಿಗೆ ಮಾಡಿ ನೋಡಬಹುದು. ಸೈಕಲ್ಲನ್ನು ಟ್ರೈನರಿನಿಂದ ಬಿಡಿಸಿ ಅಂಗಳಕ್ಕೆ ತಂದೆವು. ಗಾಳಿ ಹಾಕುವ ಮೂತಿಯನ್ನು ನೇರ ಕೆಳಕ್ಕೆ ತಂದು, ಅದರ ಬುಡಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆ. ಟೈರು ಎಷ್ಟು ಅಮುಕುತ್ತದೋ ಅಷ್ಟು ಅಮುಕಲೆಂದು ನಾನು ಮೇಲೆ ಕುಳಿತೆ, ಅಳಿಯಂದಿರು ಬೀಳದಂತೆ ಹಿಡಿದುಕೊಂಡು ನೇರವಾಗಿ ತಳ್ಳಿದರು. ಮೂತಿ ಮೂರನೆಯ ಸಲ ಕೆಳಗೆ ಬಂದಾಗ ಇನ್ನೊಂದು ಗೆರೆ. ಒಂದೇ ಸುತ್ತು ಅಳೆದರೆ ಬೆರಳಗಲ ಹೆಚ್ಚು ಕಡಿಮೆಯಾದರೂ ತಪ್ಪು ದೊಡ್ಡದು. ಮೂರು ಸುತ್ತು ಅಳೆದು ಮೂರರಿಂದ ಭಾಗಿಸಿದರೆ ಆ ತಪ್ಪು ಸಣ್ಣದಾಗುತ್ತದೆ. ಅಜ್ಜಿಯ ಹೊಲಿಗೆ ಟೇಪು 150 ಸೆಂಟಿಮೀಟರಿನದು. ನಾಲ್ಕು ಸಲ ಪೂರ್ತಿ, ಮೇಲೆ 15 ಸೆಂಟಿಮೀಟರ್. ಒಟ್ಟು 615. ಮೂರರಿಂದ ಭಾಗಿಸಿದರೆ 205.

ಮೀಟರಿನೊಳಗಿದ್ದ 2136 ಅಳಿಯಂದಿರ ಹೊಸ ಸೈಕಲ್ಲಿನ ದೊಡ್ಡ ಚಕ್ರದ ಅಳತೆ. ಅದನ್ನು ಬಿಚ್ಚಿ ತಂದಾಗ ಸಂಖ್ಯೆ ಬದಲಿಸಲು ಅವರೂ ಮರೆತಿದ್ದರು, ನಾನೂ ಕೇಳಿರಲಿಲ್ಲ. ಸುತ್ತೊಂದಕ್ಕೆ 8.6 ಸೆಂಟಿಮೀಟರ್ ಹೆಚ್ಚಾಗಿ ಜಮಾ ಆಗುತ್ತಿತ್ತು. ಒಂದು ಗೇಣಿನ ಅರ್ಧವೂ ಇಲ್ಲ. ಆದರೆ 87 ಕಿ.ಮೀ. ಎಂದರೆ ಅಂಥ ಸುಮಾರು 40,730 ಸುತ್ತು. ಅದನ್ನು 2.05 ಮೀಟರಿನಿಂದ ಗುಣಿಸಿ ನೋಡಿದೆ. 83.5.

ನಾನು ಚನ್ನಪಟ್ಟಣ ದಾಟಿರಲಿಲ್ಲ. ಮುಟ್ಟಿಯೂ ಇರಲಿಲ್ಲ. ಇನ್ನೂ ಒಂದೂವರೆ ಕಿಲೋಮೀಟರ್ ಈಚೆಗೇ ಇದ್ದೆ.

"ಬರೀ ಮೂರೂವರೆ ಕಿಲೋಮೀಟರ್ ತಾನೇ ತಾತ? ಇನ್ಮೇಲಿಂದ ಸರಿ ಮಾಡ್ಕೊಂಡ್ರಾಯ್ತು. ಬೆಂಗಳೂರು ತಾತಂಗೆ ಹೇಳೋದು ಬೇಡ, ಪಾಪ, ಬೇಜಾರ್ ಮಾಡ್ಕೋತಾರೆ" ಎಂದಳು ಮೊಮ್ಮಗಳು.

ನಿಜ ಹೇಳುತ್ತೇನೆ, ನನಗೂ ಹಾಗೇ ಅನಿಸಿತು. ನಿಂತ ಸೈಕಲ್ಲಿನ ಕಿಲೋಮೀಟರು. ಯಾರು ಅಳೆಯಲು ಬರುತ್ತಾರೆ? ರಾತ್ರಿ ಲೆಡ್ಜರ್ ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತೆ. ಬ್ಯಾಂಕಿನಲ್ಲಿ ಕಂಪ್ಯೂಟರ್ ಬರುವ ಮುಂಚೆ, ದಿನದ ಲೆಕ್ಕ ಹತ್ತು ಪೈಸೆ ತಾಳೆಯಾಗದಿದ್ದರೂ ನಾವು ಮನೆಗೆ ಹೋಗುತ್ತಿರಲಿಲ್ಲ. ಜೇಬಿನಿಂದ ಹತ್ತು ಪೈಸೆ ಹಾಕಿ ಏಳೋಣವೆಂದರೆ ನಮ್ಮ ಹಿರಿಯ ಗುಮಾಸ್ತರು ಬಿಡುತ್ತಿರಲಿಲ್ಲ. ಹೋಗಿರುವುದು ಹತ್ತು ಪೈಸೆ ಎಂದು ಕಾಣುತ್ತದೆ, ಅದರ ಹಿಂದೆ ಸಾವಿರದ ಎರಡು ತಪ್ಪುಗಳು ಒಂದಕ್ಕೊಂದು ಅಡಗಿಕೊಂಡಿರಬಹುದು, ಹುಡುಕಿ ಎನ್ನುತ್ತಿದ್ದರು.

ನನ್ನ ಮೂರೂವರೆ ಕಿಲೋಮೀಟರಿನ ಹಿಂದೆ ಅಡಗಿದ್ದುದು ಏನೆಂದು ನನಗೆ ಗೊತ್ತಿತ್ತು. ಹಾಸ್ಟೆಲ್ಲಿನ ಅಂದಿನ ನನ್ನ ಮೌನ. ಒಂದು ಸಲ ಅವನ ಸುಳ್ಳಿನಿಂದ ಮಾನ ಉಳಿಸಿಕೊಂಡವನು, ಈ ಸಲ ನನ್ನದೇ ಸುಳ್ಳಿನಿಂದ ಅವನ ಮನೆ ಬಾಗಿಲು ಮುಟ್ಟಿದರೆ ಏನು ತೀರಿಸಿದಂತಾಯಿತು? ಕೆಂಪು ಶಾಯಿಯಲ್ಲಿ ಬರೆದೆ: 'ತಪ್ಪು ಜಮಾ ವಾಪಸ್ 3.5. ಶಿಲ್ಕು 83.5.' ಮೀಟರಿನಲ್ಲಿ 2050 ತುಂಬಿದೆ. ಪಿನ್ನನ್ನು ಹಿಂದಕ್ಕೆ ಚುಚ್ಚಿದೆ.

ಮರುದಿನ ಸಂಜೆ ಐದಕ್ಕೆ ಫೋನ್ ಬಂತು. ಎಲ್ಲವನ್ನೂ ಹೇಳಿದೆ. ಚಕ್ರದ ಲೆಕ್ಕ ಹೇಳಿ ಮುಗಿಸಿ, ಹಾಸ್ಟೆಲ್ಲಿನದನ್ನೂ ಹೇಳಿದೆ. "ಅವತ್ತು ಸೋತಿದ್ದು ನಾನು ಅಂತ ಎಲ್ಲರ ಮುಂದೆ ಹೇಳ್ಬೇಕಿತ್ತು ಕಣೋ. ಹೇಳ್ಲಿಲ್ಲ. ನಿನ್ನಿಂದ ಬೆಂಗಳೂರು ತಪ್ತು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬೇಜಾರಾಯಿತೇನೋ ಎಂದು ನಾನು ಹೆದರಿದೆ.

"ಈಗ ಎಲ್ಲಿದ್ದೀಯ ಅಂದೆ?"

"ಚನ್ನಪಟ್ಟಣಕ್ಕೆ ಒಂದೂವರೆ ಕಿಲೋಮೀಟರ್ ಇದೆ."

"ಒಂದು ಮೈಲಿ." ಮೇಷ್ಟರ ದನಿ. "ಅವತ್ತು ನೀನು ಕೂತಿದ್ದು ಚನ್ನಪಟ್ಟಣದಲ್ಲಲ್ಲ ಕಣೋ. ಅದಕ್ಕೆ ಒಂದು ಮೈಲಿ ಮುಂಚೆ. ಎರಡು ಸೈಕಲ್ ತಳ್ಳಿದವನು ನಾನು, ನಂಗೆ ಗೊತ್ತಿಲ್ವಾ? ಹುಣಸೇಮರದ ಕೆಳಗೆ. ನಿನ್ನ ಮೀಟರು ಈಗ ಸರಿಯಾಗಿ ಅಲ್ಲಿಗೇ ತಂದು ನಿಲ್ಲಿಸಿದೆ ನೋಡು. ಏಳು ಮೇಲೆ. ನಾನು ಫೋನ್ ಇಡಲ್ಲ, ಈಗಲೇ ತುಳಿ."

ಅವತ್ತಿನ ತುಳಿತ ಬೆಳಿಗ್ಗೆಯೇ ಆಗಬೇಕಿತ್ತು, ಮನಸ್ಸಿಲ್ಲದೆ ಬಿಟ್ಟಿದ್ದೆ. ಮೊಮ್ಮಗಳು ಫೋನನ್ನು ಸ್ಪೀಕರಿಗೆ ಹಾಕಿ ಅಕ್ಕಿ ಡಬ್ಬದ ಮೇಲಿಟ್ಟಳು. ಪಂಚೆ ಎತ್ತಿ ಕಟ್ಟಿ ಹತ್ತಿದೆ. ಒಂದೂವರೆ ಕಿಲೋಮೀಟರ್ ಎಂದರೆ ಸುಮಾರು 732 ಸುತ್ತು. ನನ್ನ ವೇಗದಲ್ಲಿ ಆರು ನಿಮಿಷ. ಆ ಆರು ನಿಮಿಷ ಅವನು ಏನೇನೋ ಹೇಳುತ್ತಿದ್ದ, ಅರ್ಧ ನನಗೆ ಕೇಳಿಸಲಿಲ್ಲ, ಚಕ್ರದ ಸದ್ದು. 1.50 ಬಂದಾಗ ಮೊಮ್ಮಗಳು ಕಿರುಚಿದಳು. ನಾನು ಇಳಿಯಲಿಲ್ಲ. ಇನ್ನೂ ಮೂರು ಕಿಲೋಮೀಟರ್ ತುಳಿದೇ ಇಳಿದೆ.

ಆಮೇಲಿನದು ಸಲೀಸು. ರಾಮನಗರದ ಬಂಡೆಗಳ ಹತ್ತಿರ, ನಾವು ಹೊರಟ ಕಾಲಕ್ಕೆ 'ಶೋಲೆ' ಇನ್ನೂ ಬಂದಿರಲಿಲ್ಲ, ಆ ಬೆಟ್ಟಗಳು ಯಾರಿಗೂ ಗೊತ್ತಿರಲಿಲ್ಲ ಎಂದು ಮಾತಾಡಿಕೊಂಡೆವು. ಅಲ್ಲಿಯ ರೇಷ್ಮೆಗೂಡಿನ ಮಾರುಕಟ್ಟೆ, ಬಿಡದಿಯ ತಟ್ಟೆ ಇಡ್ಲಿ, ಕೆಂಗೇರಿ ಹತ್ತಿರದ ವೃಷಭಾವತಿ. ಬಿಡದಿಯ ದಿನ ಹೆಂಡತಿ ತಾನಾಗಿಯೇ ತಟ್ಟೆ ಇಡ್ಲಿ ಮಾಡಿಟ್ಟಿದ್ದಳು. ಮೂವತ್ತೇಳನೆಯ ದಿನ ಸಂಜೆ 143 ಮುಗಿಯಿತು. ಲೆಡ್ಜರಿನ ಕೆಳಗೆ ಎರಡು ಗೆರೆ ಎಳೆದೆ.

ಮುಂದಿನ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ನಿಜವಾದ ರೈಲು ಹತ್ತಿದೆ. ಮೂವತ್ತೇಳು ದಿನದ ದಾರಿ ಮೂರು ಗಂಟೆಯೊಳಗೆ ಕಿಟಕಿಯಲ್ಲಿ ಓಡಿಹೋಯಿತು. ಚನ್ನಪಟ್ಟಣ ಬರುವ ಮುಂಚೆ ಹುಣಸೆ ಮರ ಕಾಣುತ್ತದೇನೋ ಎಂದು ಕಿಟಕಿಗೆ ಮುಖ ಒತ್ತಿದೆ. ರೈಲಿನಿಂದ ಹಳೆಯ ರಸ್ತೆ ಕಾಣಲಿಲ್ಲ. ತೆಂಗಿನ ತೋಟ, ಹೊಸ ಮನೆಗಳು. ಮದ್ದೂರಿನಲ್ಲಿ ಕೊಂಡ ವಡೆಯ ಪೊಟ್ಟಣ ಮಾತ್ರ ತೊಡೆಯ ಮೇಲೆ ಬೆಚ್ಚಗಿತ್ತು.

ಗೆಳೆಯ ಕುರ್ಚಿಯಲ್ಲಿ ಕುಳಿತು ಬಾಗಿಲ ಕಡೆಗೇ ನೋಡುತ್ತಿದ್ದ. ಅಂದುಕೊಂಡಿದ್ದಕ್ಕಿಂತ ಇಳಿದುಹೋಗಿದ್ದ. ವಡೆ ಕೈಗಿಟ್ಟೆ, ಲೆಡ್ಜರ್ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪುಟ ಪುಟ ತಿರುವಿದ. ಕೆಂಪು ಶಾಯಿಯ ಸಾಲಿನ ಹತ್ತಿರ ಬೆರಳು ನಿಲ್ಲಿಸಿ, ಅದರ ಪಕ್ಕದಲ್ಲಿ ಮೇಷ್ಟರು ಹಾಕುವಂತೆ ಒಂದು ಸರಿ ಗುರುತು ಹಾಕಿದ. ಬೇರೆ ಯಾವ ಪುಟಕ್ಕೂ ಹಾಕಲಿಲ್ಲ.

ಅವನ ಕುರ್ಚಿಯ ಕೆಳಗೆ ಒಂದು ಪುಟ್ಟ ಪೆಡಲಿನ ಯಂತ್ರವಿತ್ತು. ಕುಳಿತಲ್ಲೇ ಕಾಲಿನಿಂದ ತಿರುಗಿಸುವಂಥದ್ದು, ವ್ಯಾಯಾಮ ಮಾಡಿಸುವವರು ಹೇಳಿ ತರಿಸಿದ್ದಂತೆ. ಅದರ ಮೇಲೆ ಧೂಳು ಕೂತಿತ್ತು. ಮೊಮ್ಮಗಳು ಬಗ್ಗಿ ನೋಡಿದಳು.

"ಇದರ ಮೀಟರಲ್ಲಿ ಬರೀ ಸುತ್ತು ಬರುತ್ತೆ ತಾತ, ಕಿಲೋಮೀಟರ್ ಬರಲ್ಲ. ಇದಕ್ಕೆ ಚಕ್ರಾನೇ ಇಲ್ಲ. ಒಂದು ಸುತ್ತಿಗೆ ಎಷ್ಟು ಅಂತ ಇಟ್ಕೊಳ್ಳೋದು?"

"ಎಷ್ಟು ಬೇಕಾದ್ರೂ ಇಟ್ಕೋಬಹುದಮ್ಮಾ" ಎಂದೆ ನಾನು. "ಆದ್ರೆ ಮೊದಲೇ ಬರೆದಿಟ್ಕೋಬೇಕು. ನಡುವೆ ಬದಲಾಯಿಸೋ ಹಾಗಿಲ್ಲ."

ಅವಳು ಯೋಚಿಸಿ, ಹೊಸ ಪುಟದ ಮೇಲೆ ಬರೆದಳು: 'ಒಂದು ಸುತ್ತಿಗೆ 2 ಮೀಟರ್. ಬೆಂಗಳೂರು ತಾತ. ಹೊರಡುವುದು: ಬೆಂಗಳೂರು. ಸೇರುವುದು: ಮೈಸೂರು.'

ಅವನು ಚಪ್ಪಲಿ ಬಿಟ್ಟು, ಪಾದಗಳನ್ನು ನಿಧಾನವಾಗಿ ಒಂದೊಂದಾಗಿ ಪೆಡಲಿನ ಮೇಲಿಟ್ಟ. ಅವತ್ತು ಐವತ್ತು ಸುತ್ತು ಮಾಡಿದ. ನೂರು ಮೀಟರ್.

ಈಗ ಪ್ರತಿದಿನ ಸಂಜೆ ಐದಕ್ಕೆ ಫೋನ್ ಮಾಡುವವನು ನಾನು. ನಿನ್ನೆ ಕೇಳಿದಾಗ ಕೆಂಗೇರಿಗೆ ಇನ್ನೂ ಎರಡು ಕಿಲೋಮೀಟರ್ ಇದೆ ಎಂದ. ಸಂಖ್ಯೆಯನ್ನು ಎರಡು ಸಲ ತಾಳೆ ನೋಡಿದ್ದಾನಂತೆ.